ಬಸವನಗುಡಿಯ ಬಿಎಸ್ಎ ಮಾರ್ಟಿನಿ: ಒಂದು ಹಳೆಯ .22 ರೈಫಲಿನ ಖರೀದಿ ಮತ್ತು ದುರಸ್ತಿ

ಡಿಸೆಂಬರಿನ ಬೆಳಗ್ಗೆ ಎಂಟು ಗಂಟೆಗೆ ಹತ್ತು ತೋಟ (ಕಾರ್ಟ್ರಿಜ್) ಹಾಕಿದರೆ ಎರಡು ಹಾರುತ್ತಿರಲಿಲ್ಲ. ಅದೇ ರೈಫಲ್, ಅದೇ ಡಬ್ಬಿಯ ತೋಟ. ಮಧ್ಯಾಹ್ನ ಬಿಸಿಲೇರಿದ ಮೇಲೆ ಹೆಚ್ಚುಕಡಿಮೆ ಎಲ್ಲವೂ ಹಾರುತ್ತಿದ್ದವು. ಈ ವ್ಯತ್ಯಾಸ ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಅನುಭವಸ್ಥರೊಬ್ಬರು ಸ್ಪ್ರಿಂಗ್ ಬದಲಿಸಿ ಎಂದಿದ್ದರು, ಇನ್ನೊಬ್ಬರು ಬ್ಯಾರೆಲ್, ಅಂದರೆ ನಳಿಗೆ, ಮುಗಿದಿದೆ ಎಂದಿದ್ದರು. ಕೊನೆಗೆ ಎರಡನ್ನೂ ಬದಲಿಸಬೇಕಾಗಲಿಲ್ಲ. ಹಳೆಯ ಟಾರ್ಗೆಟ್ ರೈಫಲ್ ಕೊಳ್ಳಬೇಕೆಂದಿರುವವರಿಗೆ ಉಪಯೋಗವಾದೀತು ಎಂದು ಈ ಒಂದೇ ರೈಫಲಿನ ಕಥೆಯನ್ನು ನನ್ನ ಡೈರಿಯಲ್ಲಿರುವ ಲೆಕ್ಕಗಳ ಸಮೇತ ಬರೆಯುತ್ತಿದ್ದೇನೆ.

ರೈಫಲ್ ಸಿಕ್ಕಿದ್ದು

2023ರ ಜುಲೈ. ಬ್ಯೂಗಲ್ ರಾಕ್ ಪಕ್ಕದ ರಸ್ತೆಯೊಂದರಲ್ಲಿ ಹಳೆಯ ಹೆಂಚಿನ ಮನೆ. ಮನೆಯ ಯಜಮಾನರಿಗೆ ಎಂಬತ್ತೊಂದು ವರ್ಷ, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಡಾವಣೆಯವರೆಲ್ಲ ರಾಯರು ಎಂದೇ ಕರೆಯುತ್ತಾರೆ. ನಾನೂ ಹಾಗೇ ಕರೆದೆ. ಎರಡು ಕಣ್ಣಿಗೂ ಶಸ್ತ್ರಚಿಕಿತ್ಸೆ ಆಗಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಮಕ್ಕಳಿಬ್ಬರಿಗೂ ಶೂಟಿಂಗಿನಲ್ಲಿ ಆಸಕ್ತಿ ಇಲ್ಲ. "ಯಾರಾದರೂ ಹೊಡೆಯೋವರ ಕೈಗೆ ಹೋಗಲಿ ಅಂತ ಕಾಯ್ತಿದ್ದೆ ಕಣಮ್ಮಾ. ಗೋಡೆಗೆ ನೇತುಹಾಕೋವರಿಗೆ ಕೊಡೋದಿಲ್ಲ," ಎಂದರು.

ಅವರ ತಂದೆ ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್‌ನ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಾಗ ಊರಿಗೆ ಹೊರಟ ಇಂಗ್ಲಿಷ್ ಅಧಿಕಾರಿಯೊಬ್ಬರಿಂದ ಇದನ್ನು ಕೊಂಡರಂತೆ. ಮನೆತನದ ಇಂಥ ಕಥೆಗಳನ್ನು ನಾನು ಗೌರವದಿಂದ ಕೇಳುತ್ತೇನೆ, ಆದರೆ ಬೆಲೆ ಕಟ್ಟುವಾಗ ಉಕ್ಕಿನ ಮೇಲಿನ ಮುದ್ರೆಗಳನ್ನೇ ನಂಬುತ್ತೇನೆ. ಪಕ್ಕದಲ್ಲಿ ಮೂರು ಬಂದೂಕುಗಳನ್ನು ಒಟ್ಟಿಗೆ ಆನಿಸಿ ನಿಲ್ಲಿಸಿದ ಗುರುತು, ಅದು ಬಿಎಸ್ಎ, ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿಯದು. ಬ್ಯಾರೆಲ್ ಬುಡದಲ್ಲಿ ಕಿರೀಟದಡಿ ಬಿವಿ, ಬಿಪಿ, ಎನ್‌ಪಿ ಎಂಬ ಮೂರು ಪ್ರತ್ಯೇಕ ಪುಟ್ಟ ಮುದ್ರೆಗಳು. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್, ಅಂದರೆ ಬಂದೂಕುಗಳನ್ನು ಪರೀಕ್ಷಿಸಿ ಮುದ್ರೆ ಹಾಕುವ ಸಂಸ್ಥೆ, 1904ರಿಂದ 1954ರ ತನಕ ಹೀಗೆ ಒತ್ತುತ್ತಿತ್ತು. ಆಮೇಲಿನ ಬಂದೂಕುಗಳ ಮೇಲೆ ಬಿಎನ್‌ಪಿ ಎಂಬ ಒಂದೇ ಮುದ್ರೆ ಇರುತ್ತದೆ. ಹಾಗಾಗಿ ರಾಯರ ಕಥೆಗೂ ಮುದ್ರೆಗೂ ಜಗಳವಿಲ್ಲ ಎಂಬಷ್ಟು ಮಾತ್ರ ಖಚಿತವಾಯಿತು. ಅಷ್ಟು ಸಾಕಾಗಿತ್ತು.

ಮಾರ್ಟಿನಿ ಎಂದರೆ ಏನು ಎಂದು ಒಂದೆರಡು ಮಾತು ಹೇಳಲೇಬೇಕು, ಯಾಕೆಂದರೆ ಮುಂದಿನ ರೋಗಗಳೆಲ್ಲ ಅದರ ರಚನೆಗೆ ಅಂಟಿಕೊಂಡಿವೆ. ಕೆಳಗಿರುವ ಲಿವರನ್ನು ಒತ್ತಿದರೆ ಒಳಗಿನ ಉಕ್ಕಿನ ಗಟ್ಟಿ ಹಿಂಬದಿಯ ಪಿನ್ನಿನ ಮೇಲೆ ತಿರುಗಿ ಮುಂದೆ ತಗ್ಗುತ್ತದೆ, ಚೇಂಬರಿನ, ಅಂದರೆ ನಳಿಗೆಯ ಬುಡದಲ್ಲಿ ತೋಟ ಕೂರುವ ಗೂಡಿನ, ಬಾಯಿ ತೆರೆದುಕೊಳ್ಳುತ್ತದೆ, ಹಾರಿದ ತೋಟದ ಖಾಲಿ ಕೋಶ ಹೊರಬರುತ್ತದೆ. ಇನ್ನೊಂದು ತೋಟ ಇಟ್ಟು ಲಿವರ್ ಮೇಲೆತ್ತಿದರೆ ಮುಗಿಯಿತು. ಮ್ಯಾಗಜೀನ್ ಇಲ್ಲ, ಒಮ್ಮೆಗೆ ಒಂದೇ. ಅಮೆರಿಕದ ಪೀಬಡಿ 1862ರಲ್ಲಿ ಪೇಟೆಂಟ್ ಪಡೆದ ಉಪಾಯವನ್ನು ಸ್ವಿಟ್ಜರ್ಲೆಂಡಿನ ಫ್ರೀಡ್ರಿಕ್ ಫಾನ್ ಮಾರ್ಟಿನಿ ತಿದ್ದಿದರು. 1871ರಲ್ಲಿ ಬ್ರಿಟಿಷ್ ಸೇನೆ ತೆಗೆದುಕೊಂಡ ಮಾರ್ಟಿನಿ-ಹೆನ್ರಿ ಅದರದೇ ದೊಡ್ಡ ರೂಪ. ಬಿಎಸ್ಎ ಅದನ್ನು ಚಿಕ್ಕದಾಗಿಸಿ ಕ್ಲಬ್ಬುಗಳ .22 ಟಾರ್ಗೆಟ್ ಶೂಟಿಂಗಿಗೆ ಹೊಂದಿಸಿತು. ಎನ್‌ಸಿಸಿಯಲ್ಲಿ ಬೋಲ್ಟ್ ಎಳೆದು ಕಲಿತ ನನ್ನ ಕೈಗೆ ಈ ಲಿವರಿನ ನಯ ಮೊದಲ ದಿನವೇ ಇಷ್ಟವಾಗಿಬಿಟ್ಟಿತು.

.22 ತೋಟ ರಿಮ್‌ಫೈರ್ ಜಾತಿಯದು. ದೊಡ್ಡ ತೋಟಗಳಲ್ಲಿರುವಂತೆ ತಳದ ನಡುವೆ ಕ್ಯಾಪ್ ಇರುವುದಿಲ್ಲ. ತಳದ ಅಂಚು ಟೊಳ್ಳಾಗಿದ್ದು ಅದರೊಳಗೇ ಸಿಡಿಯುವ ಮದ್ದು ಹರಡಿರುತ್ತದೆ. ಫೈರಿಂಗ್ ಪಿನ್ ಆ ಅಂಚನ್ನು ಚೇಂಬರಿನ ತುಟಿಯ ಮೇಲಿಟ್ಟು ಜಜ್ಜಬೇಕು. ಪಿನ್ನಿನ ವೇಗ ಸ್ವಲ್ಪ ಕಡಿಮೆಯಾದರೂ, ತುಟಿ ಸ್ವಲ್ಪ ಹಾಳಾದರೂ ತೋಟ ಹಾರುವುದಿಲ್ಲ. ಈ ಎರಡೂ ಈ ರೈಫಲಿನಲ್ಲಿ ಆಗಿದ್ದವು.

ನಲವತ್ತೈದು ದಿನ

ಕಾಗದಪತ್ರದ ವಿಷಯ ಬೇಸರದ್ದೆಂದು ಹಾರಿಸುವವರೇ ಹೆಚ್ಚು. ಹಾರಿಸಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್‌ದಾರರೊಬ್ಬರು ತಮ್ಮ ಸ್ವಂತ ಬಂದೂಕನ್ನು ಮತ್ತೊಬ್ಬ ಅರ್ಹರಿಗೆ ಮಾರಬಹುದು. ಆದರೆ ಯಾರಿಗೆ ಮಾರುತ್ತೇನೆ ಎಂದು ಹೆಸರು ವಿಳಾಸ ಸಹಿತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿ, ಕನಿಷ್ಠ 45 ದಿನ ಕಳೆದ ಮೇಲಷ್ಟೇ. ಕೊಳ್ಳುವವರ ಲೈಸೆನ್ಸಿನಲ್ಲಿ ಆ ಬೋರಿಗೆ (ನಳಿಗೆಯ ಒಳ ಅಳತೆಗೆ) ಅವಕಾಶ ಇರಬೇಕು. ಬೆಂಗಳೂರು ನಗರದೊಳಗೆ ಲೈಸೆನ್ಸ್ ಅಧಿಕಾರ ಪೊಲೀಸ್ ಕಮಿಷನರ್ ಅವರದು. ಹಾಗಾಗಿ ಇನ್‌ಫೆಂಟ್ರಿ ರಸ್ತೆಗೆ ಓಡಾಟ. 2019ರ ತಿದ್ದುಪಡಿಯಿಂದ ಒಬ್ಬರ ಬಳಿ ಇರಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದಿವೆ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22ಕ್ಕೆ ಈ ಮಿತಿ ಅನ್ವಯಿಸುವುದಿಲ್ಲ ಎಂದು 3ನೇ ಕಲಂ ಹೇಳುತ್ತದೆ, ಅದಕ್ಕೇ ಕ್ಲಬ್ ಸದಸ್ಯತ್ವ ತಪ್ಪಿಹೋಗದಂತೆ ನೋಡಿಕೊಳ್ಳಬೇಕು. ಇನ್ನೊಂದು ಮುಖ್ಯ ಮಾತು: ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು. ಒರೆಸುವುದು, ಎಣ್ಣೆ ಹಾಕುವುದು, ಮರ ನೋಡಿಕೊಳ್ಳುವುದು ನನ್ನ ಕೆಲಸ. ಲೋಹಕ್ಕೆ ಉಪಕರಣ ಹಚ್ಚುವ ಕೆಲಸವೆಲ್ಲ ಲೈಸೆನ್ಸ್ ಇರುವ ಮೇಸ್ತ್ರಿಯದು. ಪೀಣ್ಯದಲ್ಲಿ ಲೇತ್ ಇರುವ ಸ್ನೇಹಿತರು ಎಷ್ಟೇ ನಿಪುಣರಿರಲಿ, ಅವರ ಕೈಗೆ ಕೊಡುವ ಹಾಗಿಲ್ಲ.

ಈ ಕಾಯುವಿಕೆ ನನಗೆ ಒಳ್ಳೆಯದನ್ನೇ ಮಾಡಿತು. ಹಾರಿಸಿ ನೋಡುವ ಮೊದಲೇ ಕೊಳ್ಳಬೇಕಿತ್ತು, ಆದ್ದರಿಂದ ರಾಯರ ಎದುರಿಗೇ ಕೂತು ಮೂರು ಸಲ ನಿಧಾನವಾಗಿ ಪರೀಕ್ಷೆ ಮಾಡಿದೆ. ಎಸ್.ಪಿ. ರಸ್ತೆಯಲ್ಲಿ ಫೋನಿಗೆ ಚುಚ್ಚುವ ಎಂಡೋಸ್ಕೋಪ್ ಕ್ಯಾಮೆರಾ ಸಿಗುತ್ತದೆ. ಕೊಳ್ಳುವಾಗ ಎಚ್ಚರ: ಸಾಮಾನ್ಯವಾಗಿ ಕೊಡುವ 5.5 ಮಿ.ಮೀ. ತಲೆಯದು .22 ನಳಿಗೆಯೊಳಗೆ ಹೋಗುವುದಿಲ್ಲ, 3.9 ಮಿ.ಮೀ.ದು ಬೇಕು. ಒಳಗೆ ನೋಡಿದರೆ ಚೇಂಬರಿನ ಮುಂದೆ ಎರಡು ಅಂಗುಲದಷ್ಟು ಸೀಸದ ಬೂದು ಪದರ, ನಡುವಿನಲ್ಲಿ ಮೆಣಸಿನ ಪುಡಿ ಚೆಲ್ಲಿದಂತೆ ಸಣ್ಣ ತುಕ್ಕಿನ ಚುಕ್ಕಿ, ನಳಿಗೆಯ ಮುಂದಿನ ಬಾಯಿಯ ಹತ್ತಿರ ಮಾತ್ರ ಒಳಗೋಡೆಯ ಸುರುಳಿಗೆರೆಗಳು ಚೂಪಾಗಿ ನಿಂತಿವೆ. ಬಾಯಿಯ ಅಂಚಿನ ಸುತ್ತ ಹತ್ತಿ ಸುತ್ತಿದ ಕಡ್ಡಿ ಆಡಿಸಿದೆ. ಎಲ್ಲೂ ಎಳೆ ಸಿಕ್ಕಿಕೊಳ್ಳಲಿಲ್ಲ. ಗುಂಡು ಬಿಟ್ಟುಹೋಗುವ ಕೊನೆಯ ಜಾಗ ಅದು. ಅಲ್ಲಿ ಸರಿಯಿದ್ದರೆ ಮಧ್ಯದ ಚುಕ್ಕಿಗಳನ್ನು ಎಷ್ಟೋ ಕ್ಷಮಿಸಬಹುದು. ನಿಧಾನಗತಿಯ ಸೀಸದ ಗುಂಡು .22 ನಳಿಗೆಯನ್ನು ಸುಲಭಕ್ಕೆ ಸವೆಸುವುದಿಲ್ಲ; ಹಾಳುಮಾಡುವುದು ಹಳೆಯ ಪ್ರೈಮರುಗಳ (ತೋಟ ಹೊತ್ತಿಸುವ ಸಿಡಿಮದ್ದಿನ) ಉಪ್ಪು, ಒದ್ದೆ, ಮತ್ತು ಅಡ್ಡಾದಿಡ್ಡಿ ಆಡಿಸಿದ ಸ್ವಚ್ಛತೆಯ ಕಂಬಿ.

ಇಷ್ಟು ನೋಡಿ ಒಂದೂವರೆ ಲಕ್ಷ ಕೇಳಿದ್ದ ರೈಫಲಿಗೆ ಒಂದು ಲಕ್ಷದ ಹತ್ತು ಸಾವಿರಕ್ಕೆ ಒಪ್ಪಂದವಾಯಿತು. ವಿದೇಶಿ ಬಂದೂಕುಗಳ ಆಮದು ಸಾಮಾನ್ಯ ಲೈಸೆನ್ಸ್‌ದಾರರಿಗೆ ದಶಕಗಳಿಂದ ಮುಚ್ಚಿರುವ ನಮ್ಮಲ್ಲಿ ಈ ಬೆಲೆಗಳು ಇಂಗ್ಲೆಂಡಿನ ಬೆಲೆಗೆ ಹೋಲಿಸಿದರೆ ಅನ್ಯಾಯವೇ. ನಾನು ತಿಳಿದೇ ಕೊಟ್ಟೆ.

45 ದಿನ ಮುಗಿದದ್ದು ಅಕ್ಟೋಬರ್ ಮಧ್ಯಕ್ಕೆ. ರಾಯರು ಒಂದು ಕೋರಿಕೆ ಇಟ್ಟರು: "ಅರವತ್ತೇಳು ವರ್ಷ ಈ ಮನೇಲಿ ಆಯುಧ ಪೂಜೆ ಮಾಡಿಸ್ಕೊಂಡಿದೆ. ಈ ಸಲದ್ದೂ ಇಲ್ಲೇ ಆಗಲಿ, ಆಮೇಲೆ ತಗೊಂಡು ಹೋಗು ತಾಯಿ." ಬೇಡವೆನ್ನಲು ಮನಸ್ಸಾಗಲಿಲ್ಲ. ಅಕ್ಟೋಬರ್ 23ರಂದು ಗಂಧ, ಕುಂಕುಮ, ಸೇವಂತಿಗೆ ಹಾರದೊಂದಿಗೆ ಅದು ಮಣೆಯ ಮೇಲೆ ಮಲಗಿತ್ತು. ಎರಡು ದಿನದ ನಂತರ ಫಳಫಳ ಹೊಳೆಯುತ್ತಾ ನನ್ನ ಕೈಗೆ ಬಂತು. ಆ ಹೊಳಪು ಎಲ್ಲಿಂದ ಬಂತೆಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಬೆಳಗಿನ ರೋಗ

ಮೊದಲ ಬಾರಿ ರೇಂಜಿಗೆ ಒಯ್ದದ್ದು ಡಿಸೆಂಬರಿನಲ್ಲಿ. 50 ಮೀಟರ್, ಮಲಗಿ, ಮುಂದೆ ಮರಳಿನ ಚೀಲ. ಬೆಳಗ್ಗೆ ಎಂಟರಿಂದ ಒಂಬತ್ತೂವರೆಯೊಳಗೆ ಅರವತ್ತು ತೋಟ; ಹನ್ನೊಂದು ಹಾರಲಿಲ್ಲ. ಪ್ರತಿ ಸಲವೂ ಗುರಿಯ ಕಡೆಗೇ ತಿರುಗಿಸಿಟ್ಟು ಮೂವತ್ತು ಸೆಕೆಂಡ್ ಎಣಿಸಿ ಆಮೇಲೆ ತೆರೆಯುತ್ತಿದ್ದೆ. ಹಾರಿದವುಗಳ ಗ್ರೂಪಿಂಗ್, ಅಂದರೆ ಗುರಿಯ ಮೇಲೆ ಗುಂಡುಗಳು ಎಷ್ಟು ಹತ್ತಿರ ಬಿದ್ದವು ಎಂಬುದು, ಕೂಡ ಕೆಟ್ಟದಾಗಿತ್ತು: ಐದೈದರ ಗುಂಪುಗಳ ಸರಾಸರಿ 41 ಮಿ.ಮೀ., ಅದೂ ಮೇಲೆ ಕೆಳಗೆ ಕಂಬದ ಹಾಗೆ ಉದ್ದ, ಅಗಲ ಕಡಿಮೆ. 50 ಮೀಟರ್ ಟಾರ್ಗೆಟ್ಟಿನಲ್ಲಿ ಹತ್ತರ ವೃತ್ತ 10.4 ಮಿ.ಮೀ., ಒಂಬತ್ತರದು 26.4, ಎಂಟರದು 42.4. ಅಂದರೆ ನಾನು ತಪ್ಪೇ ಮಾಡದಿದ್ದರೂ ರೈಫಲ್ ನನ್ನನ್ನು ಎಂಟರ ವೃತ್ತಕ್ಕೆ ತಳ್ಳುತ್ತಿತ್ತು.

ಒಬ್ಬ ಮೇಸ್ತ್ರಿಯ ಬಳಿ ಒಯ್ದೆ. ಅವರು ತೆರೆದೂ ನೋಡದೆ ಪಟ್ಟಿ ಹೇಳಿದರು: ಹಳೆಯ ನಳಿಗೆ ಕೊರೆದು ಹೊಸ ಕೊಳವೆ ಕೂರಿಸುವುದು, ಹೊಸ ಸ್ಪ್ರಿಂಗ್, ಬಿಸಿ ಉಪ್ಪಿನ ಹೊಂಡದಲ್ಲಿ ಕಪ್ಪು ಬಣ್ಣ, ಮರವನ್ನು ಉಜ್ಜಿ ಪಾಲಿಶ್. "ಶೋರೂಮಿಂದ ಬಂದಂಗೆ ಮಾಡ್ಕೊಡ್ತೀನಿ ಮೇಡಂ." ನಾನು ವಾಪಸ್ ತಂದೆ. ಪಾಲಿಶ್ ಚಕ್ರಕ್ಕೆ ಹಿಡಿದ ಕ್ಷಣ ಆ ಪುಟ್ಟ ಕಿರೀಟದ ಮುದ್ರೆಗಳ ಅಂಚು ಕರಗುತ್ತದೆ, ಚಪ್ಪಟೆ ಮೈ ಅಲೆಅಲೆಯಾಗುತ್ತದೆ. ಆಮೇಲೆ ಯಾರಿಂದಲೂ ಹಿಂದಕ್ಕೆ ತರಲಾಗದು. ಕಾರಣ ತಿಳಿಯದೆ ಕೈಹಾಕುವುದನ್ನು ನಾನು ದುರಸ್ತಿ ಎಂದು ಒಪ್ಪುವುದಿಲ್ಲ.

ಮತ್ತೆ ರೇಂಜಿಗೆ ಹೋದಾಗ ಪ್ರತಿ ತೋಟದ ಮುಂದೆ ಹೊತ್ತು ಬರೆದುಕೊಂಡೆ. ಖಾಲಿ ಕೋಶಗಳನ್ನು ಹಾರಿಸಿದ ಕ್ರಮದಲ್ಲೇ ಮೊಟ್ಟೆ ಟ್ರೇಯಲ್ಲಿ ಜೋಡಿಸುತ್ತಾ ಬಂದೆ. ಬೆಳಗಿನ ಅರವತ್ತರಲ್ಲಿ ಮತ್ತೆ ಹತ್ತು ಹಾರಲಿಲ್ಲ. ಮಧ್ಯಾಹ್ನ ಹನ್ನೆರಡರ ಮೇಲಿನ ಅರವತ್ತರಲ್ಲಿ ಒಂದೇ ಒಂದು. ಮನೆಗೆ ಬಂದು ಟ್ರೇಯನ್ನು ಕಿಟಕಿಯ ಬೆಳಕಿಗೆ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಬೆಳಗಿನ ಕೋಶಗಳ ಅಂಚಿನಲ್ಲಿ ಪಿನ್ನಿನ ಗುರುತು ಉಗುರು ತಾಗಿದಷ್ಟು ಮೇಲೆ. ಮಧ್ಯಾಹ್ನದವುಗಳಲ್ಲಿ ಆಳವಾಗಿ, ಚೌಕವಾಗಿ ಕೂತಿದೆ. ಸ್ಪ್ರಿಂಗ್ ದಣಿದಿದ್ದರೆ ಮಧ್ಯಾಹ್ನವೂ ದಣಿದೇ ಇರಬೇಕಿತ್ತು. ಆ ದಿನ ಬೆಳಗ್ಗೆ ಹದಿನೇಳು ಡಿಗ್ರಿ, ಮಧ್ಯಾಹ್ನ ಇಪ್ಪತ್ತಾರು.

ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಬೆಳ್ಳಗೆ ಗಟ್ಟಿಯಾಗಿ ನಿಂತಿತ್ತು. ಅದನ್ನು ನೋಡಿದವಳು ನೇರ ರಾಯರಿಗೆ ಫೋನ್ ಮಾಡಿದೆ.

"ಪೂಜೆಗೆ ಮುಂಚೆ ಯಾವ ಎಣ್ಣೆ ಹಾಕಿದಿರಿ ರಾಯರೇ?"

"ಇನ್ಯಾವುದಮ್ಮಾ, ಕೊಬ್ಬರಿ ಎಣ್ಣೆ. ಅಪ್ಪನ ಕಾಲದಿಂದ ಅದೇ. ಬೆಚ್ಚಗೆ ಮಾಡಿ ಒಳಗೆಲ್ಲ ಬಿಟ್ಟೆ, ಹೊಸ ಮನೆಗೆ ಹೋಗ್ತಿದೆಯಲ್ಲ ಅಂತ."

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಫೈರಿಂಗ್ ಪಿನ್ ಓಡಾಡುವ ಕಿರಿದಾದ ದಾರಿಯಲ್ಲಿ ಅದು ಬೆಳಗ್ಗೆ ಮೇಣದಂತೆ ಗಟ್ಟಿಯಾಗಿ ಪಿನ್ನಿನ ಓಟವನ್ನು ಹಿಡಿದಿಡುತ್ತಿತ್ತು, ಬಿಸಿಲಿಗೆ ಕರಗಿ ದಾರಿ ಬಿಡುತ್ತಿತ್ತು. ಬೇಸಿಗೆಯಲ್ಲಿ ಕೊಂಡಿದ್ದರೆ ನನಗಿದು ತಿಳಿಯುವಷ್ಟರಲ್ಲಿ ವರ್ಷ ಕಳೆಯುತ್ತಿತ್ತು. ಎರಡನೆಯ ಮೇಸ್ತ್ರಿ, ವಯಸ್ಸಾದವರು, ಮಾತು ಕಡಿಮೆ, ಪಿನ್ನುಗಳನ್ನು ಹಿತ್ತಾಳೆ ಡ್ರಿಫ್ಟಿನಿಂದ (ಪಿನ್ ತಳ್ಳುವ ಕಡ್ಡಿಯಿಂದ) ತಟ್ಟಿ ಬಿಚ್ಚಿದರು. ಒಳಗೆ ಬಿಳಿಯ ಎಣ್ಣೆ, ಅದರಡಿ ಕಂದು ಅಂಟು, ಅದರೊಳಗೆ ಕುಂಕುಮದ ಕಣಗಳು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ತೆಳು ಎಣ್ಣೆಯ ಒಂದೇ ಹನಿ ಸವರಿ ಒರೆಸಿ ಜೋಡಿಸಿದರು. ಸ್ಪ್ರಿಂಗ್ ಅದೇ. ಮರುದಿನ ಬೆಳಗ್ಗೆ ಎಂಟಕ್ಕೆ ಅರವತ್ತು ತೋಟದಲ್ಲಿ ಹಾರದೆ ಉಳಿದದ್ದು ಒಂದು.

ಚೇಂಬರಿನ ತುಟಿ

ಆ ಒಂದು ಉಳಿಯಿತಲ್ಲ, ಅದಕ್ಕೆ ಬೇರೆ ಕಾರಣವಿತ್ತು. ಟ್ರೇಯ ಎಲ್ಲ ಕೋಶಗಳ ಮೈಮೇಲೂ ಒಂದೇ ಜಾಗದಲ್ಲಿ ಸಣ್ಣ ಗೀರು. ಹೊಸ ತೋಟ ಹೋಗುವಾಗ ಕೊನೆಯಲ್ಲಿ ಬೆರಳಿನಿಂದ ಒತ್ತಬೇಕಾಗುತ್ತಿತ್ತು, ಬರುವಾಗ ಬಿಗಿ. ಎಂಡೋಸ್ಕೋಪಿನಲ್ಲಿ ಚೇಂಬರಿನ ತುಟಿಯ ಮೇಲೆ ಪಿನ್ನಿನ ಆಕಾರದ ತಗ್ಗು, ಅದರ ಒಳಬದಿಗೆ ಉಬ್ಬಿದ ಲೋಹದ ಮುಳ್ಳು ಕಂಡವು. ಖಾಲಿ ಚೇಂಬರಿನ ಮೇಲೆ ಮತ್ತೆ ಮತ್ತೆ ಟ್ರಿಗರ್ ಎಳೆದಾಗ ಆಗುವ ಗಾಯ ಇದು. ಮಧ್ಯದಲ್ಲಿ ಹೊಡೆಯುವ ದೊಡ್ಡ ಬಂದೂಕಿನಲ್ಲಿ ಪಿನ್ನಿಗೆ ಗಾಳಿ ಸಿಗುತ್ತದೆ. ರಿಮ್‌ಫೈರಿನಲ್ಲಿ ಪಿನ್ ನೇರ ಉಕ್ಕಿಗೇ ಬಡಿಯುತ್ತದೆ. ಮನೆಗೆ ಬಂದ ನೆಂಟರ ಮಕ್ಕಳೆಲ್ಲ ಟಕ್ ಎನ್ನಿಸಿ ಆಡುತ್ತಿದ್ದರೆಂದು ರಾಯರು ಆಮೇಲೆ ನೆನಪಿಸಿಕೊಂಡರು.

ಇದಕ್ಕೆ ಅರದಿಂದ ಉಜ್ಜುವುದು ದೊಡ್ಡ ತಪ್ಪು, ಏಕೆಂದರೆ ತೆಗೆದ ಲೋಹ ಹೋಯಿತು, ತಗ್ಗು ಹಾಗೇ ಉಳಿಯಿತು. ಮೇಸ್ತ್ರಿಯ ಬಳಿ ಚೇಂಬರಿನ ಅಳತೆಗೆ ಮಾಡಿದ, ತುದಿ ಸಣ್ಣಗಿರುವ ಗಟ್ಟಿ ಉಕ್ಕಿನ ಕಡ್ಡಿ ಇತ್ತು. ಅದನ್ನು ಎಣ್ಣೆ ಹಚ್ಚಿ ಒಳಗಿಟ್ಟು, ಉಬ್ಬಿದ ಮುಳ್ಳನ್ನು ಹೊರಕ್ಕೆ, ತಗ್ಗಿನ ಕಡೆಗೇ ಒತ್ತಿ ಕೂರಿಸಿದರು. ಇಪ್ಪತ್ತು ನಿಮಿಷ. ಮೂರು ಸಾವಿರದ ಐನೂರು ರೂಪಾಯಿ. ಆಮೇಲಿನ ಇನ್ನೂರು ತೋಟಗಳಲ್ಲಿ ಒಂದೂ ನಿಲ್ಲಲಿಲ್ಲ, ಕೋಶದ ಗೀರೂ ಮಾಯ.

ನಳಿಗೆಯ ಸೀಸ ತೆಗೆದದ್ದು ನಾನೇ. ಕಂಚಿನ ಬ್ರಷ್ಷಿಗೆ ಪಾತ್ರೆ ಉಜ್ಜುವ ತಾಮ್ರದ ನಾರಿನ ಎಳೆ ಸುತ್ತಿ, ಬಾಯಿಯ ಅಂಚಿಗೆ ಕಂಬಿ ತಾಗದಂತೆ ಹಿತ್ತಾಳೆಯ ಗಾರ್ಡ್ ಹಾಕಿ, ಮೂರು ಸಂಜೆ. ಅಂಗಡಿಯಲ್ಲಿ ತಾಮ್ರ ಎಂದು ಕೊಡುವ ನಾರುಗಳಲ್ಲಿ ಕೆಲವು ತಾಮ್ರ ಬಳಿದ ಕಬ್ಬಿಣ. ಆಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಬೇಡ. ಫ್ಲಾನೆಲೆಟ್ ಚಿಂದಿ ಬೂದು ಬಣ್ಣ ಬಿಟ್ಟು ಬಿಳಿಯಾಗಿ ಹೊರಬರುವ ತನಕ ಎಳೆದೆ. ಗ್ರೂಪಿಂಗ್ 41ರಿಂದ 35ಕ್ಕೆ ಇಳಿಯಿತು, ಆದರೆ ಕಂಬದ ಆಕಾರ ಹಾಗೇ.

ಅಂಚೆ ಕಾರ್ಡು

ಗುಂಡುಗಳು ಮೇಲೆ ಕೆಳಗೆ ಸಾಲುಗಟ್ಟಿದರೆ ಮೊದಲು ಅನುಮಾನಿಸಬೇಕಾದದ್ದು ಮುಂದಿನ ಮರವನ್ನು. ಮಾರ್ಟಿನಿಯ ಮರ ಎರಡು ತುಂಡು: ಹಿಂದೆ ಭುಜಕ್ಕೆ ಆನಿಸುವ ಬಟ್, ಮುಂದೆ ಕೈ ಹಿಡಿಯುವ ತುಂಡು. ನನ್ನ ರೈಫಲಿನಲ್ಲಿ ಈ ಮುಂದಿನದು ನಳಿಗೆಯಡಿ ಒಂದೇ ಸ್ಕ್ರೂವಿನಿಂದ ನಿಂತಿದೆ. ಮರ ನಳಿಗೆಯನ್ನು ಎಲ್ಲಿ, ಎಷ್ಟು ಒತ್ತುತ್ತದೆ ಎಂಬುದು ಗುಂಡಿನಿಂದ ಗುಂಡಿಗೆ ಬದಲಾದರೆ ನಳಿಗೆಯ ಕಂಪನವೂ ಬದಲಾಗುತ್ತದೆ. ದಪ್ಪ ಕಾಗದದ ಪಟ್ಟಿಯನ್ನು ಇಬ್ಬದಿಯಲ್ಲೂ ಜಾರಿಸಿ ನೋಡಿದೆ. ಎಡಗಡೆ ತುದಿಯಿಂದ ಮೂರು ಬೆರಳು ಹಿಂದೆ ನಿಂತುಬಿಟ್ಟಿತು.

ಸ್ಕ್ರೂ ಬಿಚ್ಚಿದಾಗ ಒಳಗೆ ನಾಲ್ಕು ಮಡಿಕೆಯ ಅಂಚೆ ಕಾರ್ಡಿನ ತುಂಡು. ಯಾರೋ ಎಂದೋ ಅಲುಗಾಟ ನಿಲ್ಲಿಸಲು ತುರುಕಿದ್ದಾರೆ. ಕಾರ್ಡು ಕನ್ನಡದ್ದು, ಶಾಯಿ ಹರಡಿದೆ, "ಇಲ್ಲಿ ಎಲ್ಲರೂ ಕ್ಷೇಮ" ಎಂಬುದು ಮಾತ್ರ ಓದಲು ಸಿಗುತ್ತದೆ. ಕಾಗದ ಪ್ರತಿ ಮಳೆಗಾಲದಲ್ಲಿ ತೇವ ಹೀರಿ ಉಬ್ಬಿ, ಮಾರ್ಚಿನ ಒಣ ಗಾಳಿಗೆ ಕುಗ್ಗಿ, ನಳಿಗೆಯನ್ನು ಎತ್ತಿ ಇಳಿಸುತ್ತಾ ಇತ್ತು. ಅದು ಕೂತ ಜಾಗದಲ್ಲೇ ನಳಿಗೆಯಡಿ ಕೆಂಪು ತುಕ್ಕಿನ ಗೆರೆ. ಕಾರ್ಡನ್ನು ರಾಯರಿಗೆ ಹಿಂತಿರುಗಿಸಿದೆ; ಅಕ್ಷರ ತಮ್ಮ ಅತ್ತೆಯದು ಎಂದು ಗುರುತು ಹಿಡಿದರು.

ಎಡಗಡೆ ಉಜ್ಜಿ ಮರ ತೆಗೆಯುವ ಆಸೆ ಬಂತು. ತಡೆದುಕೊಂಡೆ. ಮರವನ್ನು ನೆರಳಿನಲ್ಲಿ ಆರು ವಾರ ಒಣಗಲು ಬಿಟ್ಟೆ. ಅಷ್ಟರಲ್ಲಿ ಬಟ್ಟಿನ ಕೆಲಸ: ಎಣ್ಣೆ ಸುರಿದು ಬಾಯಿ ಮೇಲಾಗಿ ನಿಲ್ಲಿಸುತ್ತಿದ್ದರಿಂದ ಎಣ್ಣೆಯೆಲ್ಲ ಇಳಿದು ಲೋಹಕ್ಕೆ ಸೇರುವ ಮರದ ಕತ್ತು ಕಪ್ಪಾಗಿ ಮೆದುವಾಗಿತ್ತು. ಅದಕ್ಕೆ ಗ್ರಂಥಿಗೆ ಅಂಗಡಿಯ ಮುಲ್ತಾನಿ ಮಿಟ್ಟಿಯನ್ನು ಸ್ಪಿರಿಟಿನಲ್ಲಿ ಕಲಸಿ ಬಳಿದು, ಬಿಸಿಲಿಗಿಟ್ಟು, ಎಣ್ಣೆ ಹೀರಿ ಕಂದಾದ ಪುಡಿಯನ್ನು ಉದುರಿಸಿ ಮತ್ತೆ ಬಳಿದೆ. ಒಂಬತ್ತು ಸಲ. ಹತ್ತನೆಯದು ಬಿಳಿಯಾಗಿ ಉಳಿಯಿತು. ಜಜ್ಜಿದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ತಾಗಿಸಿದರೆ ಅಕ್ರೋಟ್ ಮರದ ನಾರು ತಾನೇ ಉಬ್ಬಿ ಮೇಲೆ ಬರುತ್ತದೆ. ಆಮೇಲೆ ಬೇಯಿಸಿದ ಅಗಸೆ ಎಣ್ಣೆ, ಅಂಗೈಯಲ್ಲಿ ಬಿಸಿಯಾಗುವ ತನಕ ತಿಕ್ಕಿ, ದಿನಕ್ಕೊಂದು ತೆಳು ಕೈ. ಉಜ್ಜುಕಾಗದ ಮುಟ್ಟಿಸಲಿಲ್ಲ.

ಫೆಬ್ರವರಿ ಕೊನೆಗೆ ಮುಂದಿನ ಮರ ಜೋಡಿಸಿ ಕಾಗದದ ಪಟ್ಟಿ ಎಳೆದರೆ ಉದ್ದಕ್ಕೂ ಸರಾಗ. ಸ್ಕ್ರೂವನ್ನು ಪ್ರತಿ ಸಲವೂ ಒಂದೇ ಗೆರೆಗೆ ಬಿಗಿಮಾಡಲು ಮೇಸ್ತ್ರಿಯಿಂದ ಗುರುತು ಹಾಕಿಸಿಕೊಂಡೆ. ಆ ವಾರದ ಆರು ಗುಂಪುಗಳ ಸರಾಸರಿ 18 ಮಿ.ಮೀ., ಗುಂಡಗೆ. ಒಂಬತ್ತರ ವೃತ್ತದೊಳಗೆ ಆರಾಮವಾಗಿ ಕೂರುತ್ತದೆ. ಅದಕ್ಕಿಂತ ಹೊರಗೆ ಹೋದದ್ದು ನನ್ನ ಕೈಯದು ಎಂದು ಈಗ ಧೈರ್ಯವಾಗಿ ಹೇಳಬಹುದು. ಎಂಡೋಸ್ಕೋಪ್, ಮೇಸ್ತ್ರಿಯ ಎರಡು ಕೆಲಸ, ಎಣ್ಣೆ ಮಣ್ಣು ಎಲ್ಲ ಸೇರಿ ಖರ್ಚು ಒಂಬತ್ತು ಸಾವಿರ ದಾಟಲಿಲ್ಲ. ಮೊದಲ ಮೇಸ್ತ್ರಿಯ ಪಟ್ಟಿ ಅರವತ್ತು ಸಾವಿರದ್ದಿತ್ತು.

ಬಲಬದಿಯ ಉಕ್ಕಿನ ಮೇಲೆ ಮೂರು ಬೆರಳು ಎಳೆದ ಗುರುತಿದೆ: ವರ್ಷವರ್ಷ ಹಚ್ಚಿದ ಗಂಧದ ನೀರು ಅದೇ ಜಾಗದಲ್ಲಿ ಒಣಗಿ ತಿಂದ ತುಕ್ಕಿನ ಕಲೆ. ಕೆಂಪು ಪುಡಿಯನ್ನು ಎಣ್ಣೆ ಬಟ್ಟೆಯಿಂದ ಒರೆಸಿ ನಿಲ್ಲಿಸಿದೆ, ಕಲೆಯನ್ನು ಬಿಟ್ಟೆ. 2024ರ ಪೂಜೆಗೆ ರಾಯರನ್ನು ಮನೆಗೆ ಕರೆದಿದ್ದೆ. ರೈಫಲಿನ ಕೆಳಗೆ ಬಟ್ಟೆ ಹಾಸಿ, ಗಂಧ ಕುಂಕುಮವನ್ನು ಬಟ್ಟೆಗೇ ಇಟ್ಟು ಹೂವನ್ನಷ್ಟೇ ಮೇಲಿಟ್ಟೆವು. ಅವರೇ ಹಾಗೆ ಸೂಚಿಸಿದ್ದು.

ಒಂದು ಕೆಲಸ ಬಾಕಿ ಇದೆ. ಜುಲೈ ಮಳೆ ಹಿಡಿದ ಮೂರನೆಯ ವಾರದಲ್ಲಿ ಕಾಗದದ ಪಟ್ಟಿ ಎಡಗಡೆ ಅದೇ ಜಾಗದಲ್ಲಿ ಮತ್ತೆ ಸಿಕ್ಕಿಕೊಂಡಿತು, ಗುಂಪು 24ಕ್ಕೆ ಹಿಗ್ಗಿತು. ಮರದ ಒಳಮೈಗೆ ಎಣ್ಣೆಯ ಕೈ ಕೊಟ್ಟಿರಲಿಲ್ಲ, ತೇವ ಅಲ್ಲಿಂದ ಹೋಗುತ್ತಿದೆ. ಸಿಕ್ಕಿದ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದೇನೆ. ಫೆಬ್ರವರಿಗೆ ಒಣಗಿದ ಮೇಲೆ ಒಳಮೈ ಮುಚ್ಚಿ, ಮುಂದಿನ ಮಳೆಗೆ ಮತ್ತೆ ಅಳೆಯುತ್ತೇನೆ.